ಗಾಜಿನ ಕೊಳವೆಯ ನೀರು

ಬೆಳಿಗ್ಗೆ ಐದೂಮುಕ್ಕಾಲು. ಬಾಯ್ಲರ್ ಕೋಣೆಯ ಸಿಮೆಂಟ್ ನೆಲಕ್ಕೆ ಗೋಣಿಚೀಲ ಹಾಸಿ, ಅವನು ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ. "ಕರ್ತನೇ, ಇಷ್ಟು ವರ್ಷ ನನ್ನ ಕೈಯಲ್ಲಿ ಒಂದು ಅಪಘಾತವೂ ಆಗದ ಹಾಗೆ ನಡೆಸಿದ್ದೀಯ, ಸ್ತೋತ್ರ."

ಬಾಗಿಲಲ್ಲಿದ್ದ ಭಾಮೈದ ಆಮೆನ್ ಆಗುವವರೆಗೆ ಕಾದ. "ಭಾವ, ಇದು ದೇವರಿಗೆ ಸ್ತೋತ್ರವೋ, ಅರ್ಜಿ ಜೊತೆ ಲಗತ್ತಿಸಿದ ಸರ್ಟಿಫಿಕೇಟೋ?"

"ಬಾಯಿ ಮುಚ್ಕೊಂಡು ಬೆಂಕಿ ನೋಡು."

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಬಾಯ್ಲರ್ ನಡೆಸಿ ಹಬೆ ಕೊಡುವುದು ಭಾವನ ಜವಾಬ್ದಾರಿ. ಹೆಂಡತಿಯ ತಮ್ಮನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಬಾಯ್ಲರಿನೊಳಗೆ ನೀರೆಷ್ಟಿದೆ ಎಂದು ಹೊರಗೆ ತೋರಿಸುವುದು ಗೇಣುದ್ದದ ಒಂದು ಗಾಜಿನ ಕೊಳವೆ. ಅದರ ಕೆಳದಾರಿಯಲ್ಲಿ ಸುಣ್ಣ ಕಟ್ಟಿಕೊಂಡರೆ, ಒಳಗಿನ ನೀರು ಇಳಿದರೂ ಕೊಳವೆಯದು ಇಳಿಯುವುದಿಲ್ಲ. ಅದಕ್ಕೇ ಪ್ರತಿ ಪಾಳಿಗೊಮ್ಮೆ ನಲ್ಲಿ ತಿರುಗಿಸಿ ಕೊಳವೆ ಖಾಲಿ ಮಾಡಬೇಕು. ಥಟ್ಟನೆ ಮತ್ತೆ ತುಂಬಿದರೆ ಮಾತ್ರ ಅದನ್ನು ನಂಬಬೇಕು. ಹೊಸಬರಿಗೆಲ್ಲ ಇದನ್ನು ಕಲಿಸಿದವನು ಅವನು. ತಾನು ಮಾತ್ರ ಮಾಡುವುದನ್ನು ಬಿಟ್ಟಿದ್ದ.

"ಕೊಳವೆ ಖಾಲಿ ಮಾಡಿ ನೋಡಿದ್ರಾ? ನಾನೇ ನೋಡ್ಲಾ?" ಎಂದ ಭಾಮೈದ.

"ಮುಟ್ಬೇಡ. ಇದರ ಉಸಿರು ಕೇಳಿದ್ರೆ ಸಾಕು ನಂಗೆ. ದೇವರು ಕೊಟ್ಟ ಕಿವಿ ಕಣೋ ಇದು."

ಭಾವ ಚಹಾಕ್ಕೆ ಹೋಗಿದ್ದಾಗ, ನೀರಿಲ್ಲದೆ ಕೆಂಪಗೆ ಕಾದ ಒಳಗಿನ ತಗಡು ಹರಿಯಿತು. ಬೆಂಕಿಯ ಬಾಗಿಲೆದುರು ಇದ್ದ ಭಾಮೈದನ ಮೇಲೆ ಹಬೆ ನುಗ್ಗಿತು. ಮೂರನೆಯ ದಿನ ಭಾಮೈದ ತೀರಿಕೊಂಡ. ಆಸ್ಪತ್ರೆಯವರು ಹೊದಿಸಿದ ಬಟ್ಟೆ ಇದೇ ಲಾಂಡ್ರಿಯಲ್ಲಿ ಒಗೆದದ್ದು.

ಮಣ್ಣು ಮಾಡಿ ಬಂದ ಸಂಜೆ ಮ್ಯಾನೇಜರ್ ಮನೆಗೆ ಬಂದ. "ವಿಚಾರಣೆ ಇದೆ. ಕೊಳವೆ ನೋಡೋ ಕೆಲಸ ಅವನದು ಅಂದ್ಬಿಡು. ಸತ್ತವನಿಗೆ ಯಾರು ನೋಟಿಸ್ ಕೊಡ್ತಾರೆ? ಈಗ ಎರಡು ಸಂಸಾರಕ್ಕೆ ನೀನೊಬ್ಬನೇ. ಗಾಯದ ಮೇಲೆ ಬರೆ ಎಳ್ಕೋಬೇಡ."

ಅವನು ಆಗಲಿ ಎಂದು ತಲೆಯಾಡಿಸಿದ. ಭಾಮೈದನ ಹೆಂಡತಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಅಣ್ಣ, ನಮ್ಮನೆಯವರು ಕೊಳವೆ ನೋಡೋದು ಮರೆತುಬಿಟ್ಟಿದ್ರಾ?"

"ಗೊತ್ತಿಲ್ಲಮ್ಮ."

ಭಾನುವಾರ ಪಾಸ್ಟರ್ ಎಂದಿನಂತೆ ಪ್ರಾರ್ಥನೆಗೆ ಅವನನ್ನೇ ಕರೆದರು. "ಕರ್ತನೇ" ಎಂದು ನಿಲ್ಲಿಸಿದ. ನಾಲಿಗೆಗೆ ಬಂದದ್ದು ಅಪಘಾತವಿಲ್ಲದ ವರ್ಷಗಳ ಮಾತು. ಅದನ್ನು ತೆಗೆದರೆ ದೇವರ ಮುಂದಿಡಲು ತನ್ನ ಬಳಿ ಏನೂ ಇಲ್ಲ ಎಂದು ಆಗ ತಿಳಿಯಿತು. ನಿಂತಲ್ಲೇ ಮೊಣಕಾಲೂರಿ ಹಣೆಯನ್ನು ಬೆಂಚಿಗೆ ಒತ್ತಿದ. "ನಾನು ಪ್ರಾರ್ಥಿಸ್ತಾ ಇರ್ಲಿಲ್ಲ ತಂದೆಯೇ, ನನ್ನನ್ನೇ ಹೊಗಳ್ಕೋತಾ ಇದ್ದೆ. ಕರುಣೆ ಇಡು." ಪ್ರಾರ್ಥನೆ ಮುಗಿಯಿತೋ ಇಲ್ಲವೋ ತಿಳಿಯದೆ ಯಾರೂ ಆಮೆನ್ ಎನ್ನಲಿಲ್ಲ.

ವಿಚಾರಣೆಯ ದಿನ ಮ್ಯಾನೇಜರ್ ಅವನ ಪಕ್ಕದಲ್ಲೇ ಕುಳಿತಿದ್ದ. ಭಾಮೈದನ ಹೆಂಡತಿ ಬಾಗಿಲ ಬಳಿ. ಕೊಳವೆ ಪರೀಕ್ಷಿಸಬೇಕಾಗಿದ್ದವರು ಯಾರು ಎಂದು ಅಧಿಕಾರಿ ಕೇಳಿದರು.

"ನಾನು ಸಾರ್. ಅವನು ನೋಡ್ತೀನಿ ಅಂದ. ನಾನೇ ಬೇಡ ಅಂದೆ."

ಮ್ಯಾನೇಜರ್ ಅವನ ತೋಳು ಹಿಡಿದ. ಅಧಿಕಾರಿ ನಿಧಾನವಾಗಿ, "ಕೆಲಸ ಹೋಗುತ್ತೆ, ಕೇಸೂ ಆಗಬಹುದು. ಯೋಚಿಸಿ ಹೇಳಿ. ತಪ್ಪಿಸಿದ್ದು ಅದೊಂದೇ ದಿನಾನಾ?" ಎಂದರು.

ಅವನು ಅಧಿಕಾರಿಯತ್ತ ನೋಡಲಿಲ್ಲ, ಬಾಗಿಲ ಕಡೆ ತಿರುಗಿದ.

"ಇಲ್ಲಮ್ಮ," ಎಂದ. "ಹನ್ನೊಂದು ತಿಂಗಳು."