ಅಪ್ಪ ಹೊಡೆದ ನಂಬರು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಂಗಾರಪೇಟೆಯ ರೈಲ್ವೆ ಗೇಟಿನ ತನಕ ಹೋಗಿ ಮನೆಗೆ ವಾಪಸು ಬಂದವಳು ನಾನು, ಅದೂ ಒಂದು ಸಲವಲ್ಲ. ನನ್ನ ಬಾಲ್ಯ ಕಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕ್ವಾರ್ಟರ್ಸಿನಲ್ಲಿ. ಕೆಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ಅಪ್ಪನದು ಇವತ್ತು ಯಾವ ಶಿಫ್ಟು ಎಂದು ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳುತ್ತಿದ್ದಳು. ಆಗ ಅವಳ ಮುಖ ನೋಡಿ ನೋಡಿಯೇ ನಾನು ಹೆದರುವುದನ್ನು ಕಲಿತೆ. ಅಪ್ಪ ಮಾತ್ರ ಕಲಿಯಲಿಲ್ಲ. ಅವನು ಚಾಂಪಿಯನ್ ರೀಫ್ಸ್‌ನ ಗಣಿಯೊಳಗೆ ನೀರೆತ್ತುವ ಪಂಪುಗಳ ಫಿಟ್ಟರು. ಮನೆಗೆ ಬಂದು, "ಅದುರ್ತಾ? ನಂಗೇನೂ ಗೊತ್ತಾಗ್ಲಿಲ್ಲ" ಎಂದು ಕೈಕಾಲು ತೊಳೆಯಲು ಹೋಗುತ್ತಿದ್ದ.

ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅಪ್ಪ ಅಮ್ಮ ಅದೇ ಕ್ವಾರ್ಟರ್ಸಿನಲ್ಲಿದ್ದಾರೆ. ನಾನು ಬಂಗಾರಪೇಟೆಯಲ್ಲಿದ್ದೇನೆ. ಕ್ಯಾಸಂಬಳ್ಳಿಯಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಬಸ್ಸನ್ನು ನಂಬಿದರೆ ಪ್ರಾರ್ಥನೆ ಮುಗಿದ ಮೇಲೆ ತಲುಪಬೇಕಾಗುತ್ತದೆ ಎಂದು ಹಳೆಯದೊಂದು ಪೆಟ್ರೋಲ್ ಕಾರು ಇಟ್ಟುಕೊಂಡಿದ್ದೇನೆ. ಕಳೆದ ವರ್ಷದ ಬೇಸಿಗೆಯಲ್ಲಿ ಅದರ ಆಯಿಲೆಲ್ಲ ಸೋರಿಹೋಗಿ, ಸ್ಟೀರಿಂಗಿನ ಮುಂದೆ ಕೆಂಪು ದೀಪ ಹೊತ್ತಿದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಎಂಜಿನ್ನು ದೊಡ್ಡ ಸದ್ದು ಮಾಡಿ ನಿಂತುಬಿಟ್ಟಿತು. ಪ್ರಪಂಚದ ಎಲ್ಲದಕ್ಕೂ ಹೆದರುವವಳು ಹೆದರಬೇಕಾಗಿದ್ದ ಆ ಒಂದಕ್ಕೆ ಮಾತ್ರ ಹೆದರಲಿಲ್ಲ. ಅಪ್ಪ ಬಂದು ಬಾನೆಟ್ ಎತ್ತಿ, ಬಗ್ಗಿ ನೋಡಿ, ಬೆರಳಿಗೆ ಹತ್ತಿದ ಮಸಿಯನ್ನು ಹುಲ್ಲಿಗೆ ಒರೆಸಿದ.

"ಇದು ಓಯ್ತು ಕಣಮ್ಮಾ. ರಾಡ್ ಮುರ್ದು ಬ್ಲಾಕ್ ತೂತಾಗೈತೆ. ಬೇರೆ ಎಂಜಿನ್ ಆಕೋದೇಯ."

ಬಂಗಾರಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ನನ್ನ ಕಾರಿನ ಮಾದರಿಯದೇ ಇನ್ನೊಂದು ಕಾರು ಬಿದ್ದಿತ್ತು. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿಯೆಲ್ಲ ಅಪ್ಪಚ್ಚಿಯಾಗಿದ್ದರೂ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಅದರ ಎಂಜಿನ್ನನ್ನು ಅಪ್ಪ ಒಪ್ಪಿದ. ನಾನು ಸುಮ್ಮನೆ ಕೊಂಡುತರುವವಳೇ? ಮೊದಲು ಆರ್‌ಟಿಒ ಕಚೇರಿಗೆ ಹೋದೆ. ಎಂಜಿನ್ ಬದಲಿಸಲು ಮುಂಚೆಯೇ ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು ಎಂದರು. ಅದೇ ಮಾದರಿ, ಅದೇ ಪೆಟ್ರೋಲ್ ಎಂಜಿನ್ ಆದರೆ ತೊಂದರೆ ಕಡಿಮೆ. ಅಂಗಡಿಯ ಬಿಲ್ಲು ಬೇಕು, ಗುಜರಿಯಾದ ಕಾರಿನ ಕಾಗದದ ನಕಲು ಬೇಕು, ಇನ್ಶೂರೆನ್ಸಿನವರಿಗೆ ತಿಳಿಸಬೇಕು. ಎಂಜಿನ್ ಕೂರಿಸಿದ ಮೇಲೆ ಗಾಡಿ ತಂದು ತೋರಿಸಿದರೆ ಹೊಸ ಎಂಜಿನ್ನಿನ ನಂಬರನ್ನು ಆರ್‌ಸಿಗೆ ಸೇರಿಸುತ್ತಾರೆ. ಹೇಳದೆ ಕೇಳದೆ ಹಾಕಿಕೊಂಡು ಓಡಾಡಿದರೆ, ನಾಳೆ ಅಪಘಾತವಾದಾಗ ಇನ್ಶೂರೆನ್ಸಿನವರು ಕೈಯೆತ್ತಿಬಿಡಬಹುದು. ಕೊನೆಗೆ ಅಲ್ಲಿನ ಗುಮಾಸ್ತೆ ಇನ್ನೊಂದು ಮಾತು ಹೇಳಿದಳು: "ಎಂಜಿನ್ ಮೇಲಿರೋ ನಂಬರ್ ಮಾತ್ರ ಮುಟ್ಟಬೇಡಿ ಮೇಡಂ. ಅದನ್ನ ಅಳಿಸೋದು ಗಾಡಿ ಕಳ್ಳರು. ಸೀದಾ ಪೊಲೀಸ್ ಕೇಸು." ನಾನ್ಯಾಕೆ ಮುಟ್ಟಲಿ ಎಂದು ನಕ್ಕೆ. ಅನುಮತಿ ಪತ್ರ ಬಂದಾಗ, ಹೊಸ ಎಂಜಿನ್ನಿನ ನಂಬರು ಅದರಲ್ಲಿ ಸರಿಯಾಗಿದೆಯೇ ಎಂದು ಮೂರು ಸಲ ಓದಿ, ಬೀರುವಿನ ಸೀರೆಗಳ ಮಧ್ಯೆ ಇಟ್ಟೆ.

ಎಂಜಿನ್ ಕೂರಿಸಿದ್ದು ಕೋರಮಂಡಲ್‌ನಲ್ಲಿ, ಅಪ್ಪನ ಮನೆಯ ಮುಂದಿನ ಬಯಲಿನಲ್ಲಿ. ಮೂರು ಮರದ ಕಂಬಗಳನ್ನು ಮುಕ್ಕಾಲಿಯಂತೆ ನಿಲ್ಲಿಸಿ, ಮೇಲೆ ಚೈನ್ ಪುಲ್ಲಿ ಕಟ್ಟಿ, ಅಕ್ಕಪಕ್ಕದವರನ್ನು ಕರೆದು ಹಳೆಯದನ್ನು ಎತ್ತಿ ಹೊಸದನ್ನು ಇಳಿಸಿದ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕೆಲಸವೆಲ್ಲ ಮುಗಿದಿತ್ತು. ಅಪ್ಪ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಣಿ ಮುಚ್ಚಿದ ಮೇಲೆ ಅವನ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡಿರಲಿಲ್ಲ.

ಗಾಡಿ ತೋರಿಸುವಾಗ ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್ ಕೊಡಬೇಕಿತ್ತು. ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರೆ ಅಂಕೆಗಳು ಮೂಡುತ್ತವೆ. ಕಾಗದ ಹಿಡಿದು ಬಗ್ಗಿದೆ. ಕಂಡದ್ದು ನನ್ನ ಹಳೆಯ ಎಂಜಿನ್ನಿನ ನಂಬರು. ಹಳೆಯದನ್ನೇ ಮತ್ತೆ ಕೂರಿಸಿದರೋ ಎಂದುಕೊಂಡೆ. ಆದರೆ ಅದು ಅಲ್ಲೇ ಪಕ್ಕದಲ್ಲಿ, ಗೋಣಿತಾಟಿನ ಮೇಲೆ ತೂತು ಬಿದ್ದ ಹೊಟ್ಟೆ ತೋರಿಸಿಕೊಂಡು ಮಲಗಿತ್ತು. ಮತ್ತೆ ಬಗ್ಗಿ ನೋಡಿದರೆ ನಂಬರಿನ ಸುತ್ತ ಎರಡು ಬೆರಳಗಲ ಜಾಗ ಹೊಸದಾಗಿ ಉಜ್ಜಿದಂತೆ ಫಳಫಳ ಹೊಳೆಯುತ್ತಿತ್ತು.

"ಅಪ್ಪಾ, ಇದರ ಮೇಲೆ ಬೇರೆ ನಂಬರ್ ಇತ್ತಲ್ಲ?"

"ಇತ್ತು. ಅರ ಆಕಿ ಉಜ್ಜಿ ತೆಗ್ದೆ. ನಿನ್ ಆರ್‌ಸಿ ಬುಕ್ಕಲ್ಲಿರೋ ನಂಬರೇ ಒಡ್ದಿದೀನಿ ನೋಡು. ಒಂದಕ್ಷರಾನೂ ಸೊಟ್ಟ ಇಲ್ಲ."

"ಯಾರು ಹೇಳಿದ್ದು ನಿಂಗೆ?"

"ಯಾರ್ ಏಳ್ಬೇಕು? ಏಳನೇ ಪಂಪ್ ಕೆಟ್ಟೋದ್ರೆ ಬೇರೆ ಪಂಪ್ ಇಳುಸ್ತಿದ್ವಿ. ಅದ್ರ ನಂಬರ್ ತೆಗ್ದು ಏಳು ಅಂತ್ಲೇ ಒಡೀತಿದ್ವಿ. ಪಂಪ್ ಬತ್ತದೆ, ಓಯ್ತದೆ. ನಂಬರ್ ಜಾಗದ್ದು ಕಣಮ್ಮಾ. ಇಲ್ದಿದ್ರೆ ಮೇಲೆ ಆಪೀಸಲ್ಲಿರೋ ಪುಸ್ತಕಕ್ಕೂ ಕೆಳಗಿರೋ ಮಿಷಿನ್ನಿಗೂ ತಾಳೆ ಆಗಲ್ಲ."

ಅವನ ಪ್ರಕಾರ ನನ್ನ ಕಾರು ಒಂದು ಜಾಗ, ಎಂಜಿನ್ನು ಅಲ್ಲಿಗೆ ಬಂದುಹೋಗುವ ಪಂಪು. ಮಗಳ ಪುಸ್ತಕ ತಾಳೆಯಾಗಲಿ ಎಂದು ಬೆಳಿಗ್ಗೆಯಿಂದ ಕಣ್ಣು ಕಿರಿದು ಮಾಡಿಕೊಂಡು ಅಚ್ಚಿಟ್ಟು ಸುತ್ತಿಗೆಯಿಂದ ಒಂದೊಂದೇ ಅಂಕೆ ಹೊಡೆದಿದ್ದ. ಹೊಸ ನಂಬರಿಗಾಗಿ ನಾನು ಅನುಮತಿ ತಂದದ್ದನ್ನು ಅವನಿಗೆ ಬಿಡಿಸಿ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಗುಮಾಸ್ತೆ ಹೇಳಿದ್ದನ್ನು ಈಗ ಹೇಳಿದೆ. ಅಪ್ಪ ನಕ್ಕುಬಿಟ್ಟ.

"ಕಳ್ರು ಮಾಡುದ್ರೆ ಕಳ್ತನ. ನಾನೇನ್ ಕದ್ದಿದೀನಿ?"

ಗಾಡಿ ತೋರಿಸಬೇಕಾಗಿದ್ದದ್ದು ಬುಧವಾರ. ನಡುವಿನ ಮೂರು ದಿನ ನಾನು ಬದುಕಿದ್ದೇ ಸುಳ್ಳು. ಮಗ್ಗಿ ಹೇಳಿಸುತ್ತಿದ್ದರೆ ಮಕ್ಕಳ ಬಾಯಿಯ ಅಂಕೆಗಳೆಲ್ಲ ಎಂಜಿನ್ನಿನ ಮೇಲಿನ ಅಂಕೆಗಳಾಗುತ್ತಿದ್ದವು. ಎಪ್ಪತ್ತು ದಾಟಿದ ಅಪ್ಪನನ್ನು ಪೊಲೀಸ್ ಜೀಪಿನಲ್ಲಿ ಕೂರಿಸಿದಂತೆ, ಕ್ವಾರ್ಟರ್ಸಿನ ಸಾಲಿಗೆ ಸಾಲೇ ಬಾಗಿಲಿಗೆ ಬಂದು ನೋಡಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಅನುಮತಿ ಕೇಳದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಪುಸ್ತಕದಲ್ಲಿ ಅದೇ ನಂಬರು, ಎಂಜಿನ್ ಮೇಲೆ ಅದೇ ನಂಬರು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ನನ್ನ ಕೈಯಾರೆ ಬರೆದುಕೊಟ್ಟ ಅರ್ಜಿಯಲ್ಲಿ ಬೇರೆ ನಂಬರಿತ್ತು. ಅದನ್ನು ಹುಡುಕಿದರೆ ಸಿಕ್ಕಿಬೀಳುವವನು ಅಪ್ಪ.

ಸೋಮವಾರ ಶಾಲೆ ಬಿಟ್ಟ ಮೇಲೆ ಗುಜರಿ ಅಂಗಡಿಗೆ ಹೋದೆ. ಏನು ಕೇಳಲು ಹೋದೆನೋ ನನಗೇ ಗೊತ್ತಿರಲಿಲ್ಲ. ಅಂಗಡಿಯವನು ತಮಿಳಿನವನು, ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ ಸ್ಟೂಲು ಹಾಕಿಸಿ ಟೀ ತರಿಸಿದ. ನಂಬರಿನ ವಿಷಯ ನಾನು ಎತ್ತಲಿಲ್ಲ, ಗಾಡಿ ತೋರಿಸುವುದಕ್ಕೆ ಹೆದರಿಕೆ ಎಂದಷ್ಟೇ ಹೇಳಿದೆ. "ಬಯಪಡಾದೀಂಗ ಮೇಡಂ. ಹೆದರ್ಕೋಬೇಡಿ. ನಮ್ದು ಬಿಲ್ ಇದೆ. ಯಾರು ಕೇಳಿದ್ರೂ ನಾನೇ ಬಂದು ಹೇಳ್ತೀನಿ" ಎಂದ. ಅವನ ಟೀ ಕುಡಿಯುತ್ತಾ ಕುಡಿಯುತ್ತಾ, ತಪ್ಪನ್ನು ಇವನ ತಲೆಗೇ ಕಟ್ಟಬಹುದಲ್ಲ ಎಂದು ನನಗೆ ಹೊಳೆಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮಂಗಳವಾರ ಸಂಜೆ ಅಪ್ಪನಿಗೆ ಹೇಳಿಕೊಟ್ಟೆ.

"ನಾಳೆ ನೀನು ಬರಬೇಡ. ಯಾರಾದರೂ ಕೇಳಿದರೆ ಅಂಗಡಿಯಿಂದ ಹೀಗೇ ಬಂತು ಅಂತೀನಿ. ನೀನೂ ಹಾಗೇ ಅನ್ನು."

"ಅವ್ನು ಮಾಡಿಲ್ವಲ್ಲ."

"ಗೊತ್ತಿಲ್ಲ ಅನ್ನು, ಸಾಕು."

ಬುಧವಾರ ಬೆಳಿಗ್ಗೆ ಕೋರಮಂಡಲ್‌ನಲ್ಲೇ ಬಿಟ್ಟಿದ್ದ ಕಾರನ್ನು ತೆಗೆಯಲು ನಾನು ಹೋದಾಗ ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಇಳಿ ಎಂದು ಬೈದೆ. ಫಿಟ್ಟಿಂಗ್ ಬಗ್ಗೆ ಏನಾದರೂ ಕೇಳಿದರೆ ನೀನು ಹೇಳ್ತೀಯಾ ಎಂದ.

ಆರ್‌ಟಿಒ ಕಚೇರಿಯ ಇನ್ಸ್‌ಪೆಕ್ಟರ್ ಸಮಾಧಾನದ ಮನುಷ್ಯ. ಕಾಗದಗಳನ್ನು ನೋಡಿ, "ಎಲ್ಲಾ ಎಷ್ಟು ಅಚ್ಚುಕಟ್ಟಾಗಿ ತಂದಿದ್ದೀರಿ ಟೀಚರ್, ಹೀಗೆ ಯಾರೂ ತರಲ್ಲ" ಎಂದರು. ಬಾನೆಟ್ ತೆಗೆಸಿ, ಬಗ್ಗಿ, ಅನುಮತಿ ಪತ್ರವನ್ನೊಮ್ಮೆ ಎಂಜಿನ್ನನ್ನೊಮ್ಮೆ ನೋಡಿದರು. ಹೆಬ್ಬೆರಳಿನಿಂದ ಆ ಹೊಳೆಯುವ ಜಾಗವನ್ನು ಸವರಿದರು.

"ಇದನ್ನ ಯಾರು ಉಜ್ಜಿದ್ದು?"

"ಗೊತ್ತಿಲ್ಲ ಸಾರ್. ಅಂಗಡಿಯಿಂದ ಹೀಗೇ ಬಂತು" ಎಂದೆ.

ಅವರು ನೆಟ್ಟಗೆ ನಿಂತರು. "ಇಲ್ಲಿರೋದು ನಿಮ್ಮ ಹಳೇ ಎಂಜಿನ್ ನಂಬರು. ಅಂಗಡಿಯವನಿಗೆ ಅದು ಹೇಗೆ ಗೊತ್ತು ಟೀಚರ್?"

ಮೂರು ದಿನ ಕೂತು ಯೋಚಿಸಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಅಂಗಡಿಯವನನ್ನು ಸ್ಟೇಷನ್ನಿಗೆ ಕರೆಸಿ ವಿಚಾರಿಸಬೇಕಾಗುತ್ತೆ ಎಂದು ಇನ್ಸ್‌ಪೆಕ್ಟರ್ ಫೋನ್ ತೆಗೆದರು. ಆಗ ಅಪ್ಪ ಕಾರಿನ ಆ ಬದಿಯಿಂದ ಈ ಬದಿಗೆ ಬಂದ.

"ಅವ್ನ್ ತಪ್ಪಿಲ್ಲ ಸಾರ್. ನಾನೇ ಒಡ್ದಿದ್ದು. ಮಗ್ಳಿಗೆ ಗೊತ್ತಿರ್ಲಿಲ್ಲ."

ಆಮೇಲೆ ಪಂಪಿನ ಕಥೆ ಶುರು ಮಾಡಿದ. ಮೊದಲು ಗಟ್ಟಿಯಾಗಿ, ಹೊಸದಾಗಿ ಸೇರಿದ ಫಿಟ್ಟರಿಗೆ ಕೆಲಸ ಹೇಳಿಕೊಡುವವನ ಹಾಗೆ ಹೇಳುತ್ತಿದ್ದ. ನಂಬರ್ ಜಾಗದ್ದು ಸಾರ್ ಎಂದು ಎರಡು ಸಲ ಹೇಳಿದ. ಇನ್ಸ್‌ಪೆಕ್ಟರ್ ತಲೆಯಾಡಿಸಲಿಲ್ಲ. ಅಪ್ಪನ ದನಿ ಇಳಿಯುತ್ತಾ ಬಂತು. ಎದುರಿನವರ ಮುಖ ನೋಡಿ, ಪಕ್ಕದಲ್ಲಿ ನಿಂತ ನನ್ನ ಮುಖ ನೋಡಿ, ತಾನು ಏನೋ ದೊಡ್ಡ ಅನಾಹುತ ಮಾಡಿದ್ದೇನೆ ಎಂದು ಅವನಿಗೆ ಅರ್ಥವಾದದ್ದು ಆಗ. ಮಾತನ್ನು ಅರ್ಧಕ್ಕೇ ನಿಲ್ಲಿಸಿದ.

"ಯಜಮಾನ್ರೇ, ನೀವು ಒಳ್ಳೇದಕ್ಕೇ ಮಾಡಿರಬಹುದು" ಎಂದರು ಇನ್ಸ್‌ಪೆಕ್ಟರ್. "ಆದರೆ ನಾನು ಬರೀದೇ ಇರೋ ಹಾಗಿಲ್ಲ."

ಕಾರು ಅಲ್ಲೇ ಉಳಿಯಿತು. ನಾವು ಸ್ಟೇಷನ್ನಿಗೆ ಹೋದೆವು. ಯಾರೂ ಗದರಲಿಲ್ಲ, ಕುರ್ಚಿಯನ್ನೂ ಕೊಟ್ಟರು. ಹೇಳಿಕೆ ಬರೆದುಕೊಳ್ಳುತ್ತಿದ್ದವರು, ನಂಬರ್ ಅಳಿಸೋದು ತಪ್ಪು ಅಂತ ಗೊತ್ತಿತ್ತಾ ಎಂದು ಕೇಳಿದಾಗ ಅಪ್ಪ ನನ್ನತ್ತ ತಿರುಗಿದ. ಏನು ಹೇಳಲಿ ಎಂದು ಅವನ ಕಣ್ಣು ಕೇಳುತ್ತಿತ್ತು. ಸತ್ಯ ಹೇಳಲು ಅವನಿಗೆ ನನ್ನ ಅಪ್ಪಣೆ ಬೇಕಾಗಿತ್ತು. "ಗೊತ್ತಿರ್ಲಿಲ್ಲ ಸಾರ್" ಎಂದ ಕೊನೆಗೆ, ಸುಳ್ಳು ಹೇಳುವವನ ದನಿಯಲ್ಲಿ.

ಎಂಜಿನ್ನನ್ನು ಪರೀಕ್ಷೆ ಮಾಡಿ ವರದಿ ಬರುವವರೆಗೆ ಕಾಯಿರಿ ಎಂದರು. ವಾರಗಳು ಹೋದವು. ಒಂದು ದಿನ ಅಮ್ಮ ನನ್ನನ್ನು ಒಳಗೆ ಕರೆದು ಬಾಗಿಲ ಹಿಂದೆ ನೇತುಹಾಕಿದ್ದ ಬಟ್ಟೆ ಚೀಲ ತೋರಿಸಿದಳು. ಎರಡು ಷರ್ಟು, ಒಂದು ಪಂಚೆ, ಟವಲ್ಲು, ಬಿಪಿ ಮಾತ್ರೆಯ ಚೀಟಿ. "ಕರ್ಕೊಂಡೋದ್ರೆ ಇರ್ಲಿ ಅಂತ ಅವ್ರೇ ಕಟ್ಟಿಟ್ಟವ್ರೆ. ಬೀದೀಲಿ ಗಾಡಿ ನಿಂತ್ರೆ ಸಾಕು, ಎದ್ದು ಷರ್ಟ್ ಆಕೋತಾರೆ" ಎಂದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಅರ ಹಾಕಿದ ಲೋಹಕ್ಕೆ ಎಂಥದೋ ಆಸಿಡ್ ಸವರಿದರೆ ಅಳಿಸಿದ ಅಂಕೆ ಮತ್ತೆ ತೇಲುತ್ತದಂತೆ. ಅಪ್ಪ ಹೊಡೆದ ಅಂಕೆಗಳ ಸಂದಿಯಲ್ಲಿ ಎಂಜಿನ್ನಿನ ಅಸಲಿ ನಂಬರು ಕಾಣಿಸಿತು. ಬಿಲ್ಲಿಗೂ ಅನುಮತಿ ಪತ್ರಕ್ಕೂ ತಾಳೆಯಾಯಿತು. ಮುಂಚೆಯೇ ಅನುಮತಿ ಕೇಳಿದವರಿಗೆ ಮೋಸ ಮಾಡುವ ಉದ್ದೇಶವಿರಲಿಲ್ಲ ಎಂದು ಪೊಲೀಸರು ಬರೆದು, ಎಚ್ಚರಿಕೆ ಕೊಟ್ಟು, ಕೇಸಿಲ್ಲದೆ ಬಿಟ್ಟರು. ಕಚೇರಿಯ ಆದೇಶದ ಮೇಲೆ ಅಸಲಿ ನಂಬರನ್ನು ಮತ್ತೆ ಹೊಡೆಸಿ ಆರ್‌ಸಿಗೆ ಏರಿಸಿದರು. ನಾನು ಬೈದುಕೊಂಡ ನನ್ನ ಅರ್ಜಿಯೇ ಅವನನ್ನು ಉಳಿಸಿತ್ತು. ಗುಜರಿ ಅಂಗಡಿಯವನಿಗೆ, ನಿನ್ನ ಹೆಸರು ಹೇಳಿದ್ದೆ ಎಂದು ನಾನು ಇವತ್ತಿನವರೆಗೂ ಹೇಳಿಲ್ಲ. ಕಂಡಾಗಲೆಲ್ಲ ಎಂಜಿನ್ ಹೇಗಿದೆ ಮೇಡಂ ಎಂದು ಕೇಳುತ್ತಾನೆ.

ಎಂಜಿನ್ ಚೆನ್ನಾಗಿದೆ. ಹೋದ ಭಾನುವಾರ ಕೋರಮಂಡಲ್‌ಗೆ ಹೋದಾಗ ಹಾರನ್ ಕೆಟ್ಟಿತ್ತು. ಒಂದು ವೈರು ಸಡಿಲವಾಗಿರಬೇಕು, ಅಷ್ಟೇ. ಮೊದಲಾಗಿದ್ದರೆ ನಾನು ಕಾರಿನಿಂದ ಇಳಿಯುವ ಮೊದಲೇ ಅಪ್ಪ ಬಾನೆಟ್ ಎತ್ತಿರುತ್ತಿದ್ದ. ಈಗ ಕೈ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತ. ನೋಡಪ್ಪಾ ಸ್ವಲ್ಪ ಎಂದು ಕರೆದೆ.

"ಇದ್ಕೂ ಆಪೀಸ್ನವ್ರನ್ನ ಕೇಳ್ಬೇಕೇನಮ್ಮಾ?"

"ಇಲ್ಲಪ್ಪಾ. ಹಾರನ್ನಿಗೆ ಯಾರನ್ನೂ ಕೇಳೋದು ಬೇಡ."

"ಸರಿಯಾಗ್ ಗೊತ್ತಾ ನಿಂಗೆ?"

ಗೊತ್ತು ಎಂದೆ. ಸ್ಕ್ರೂಡ್ರೈವರ್ ತಂದು ಅವನ ಮುಂದೆ ಹಿಡಿದೆ. ಅವನು ಅದನ್ನು ನೋಡಿದ, ಬೀದಿಯ ಎರಡೂ ತುದಿ ನೋಡಿದ.

"ಯಾವ್ದುಕ್ಕೂ ಒಂದ್ ಮಾತ್ ಕೇಳ್ಬಿಡಮ್ಮಾ" ಎಂದು ಒಳಗೆ ಹೋದ.