ಕ್ಲೋರೋಫಾರಂ ಮತ್ತು ಅವ್ವನ ಮೊಸರನ್ನ

ಮೂಲವ್ಯಾಧಿ ಬಂದ ಮೇಲೆ ನನ್ನ ಕಿವಿಗೆ ಬೀಳಬಾರದ ಮಾತೆಂದರೆ "ಕುಂದ್ರಿ". ಕಮಲಾಪುರದಲ್ಲಿ ಅಕ್ಕಿ ಅಂಗಡಿ ನನ್ನದು. ಗಾದಿಯ ಮೇಲೆ ಕೂರಲಾರದ ಸಾಹುಕಾರನನ್ನು ಯಾರು ನಂಬುತ್ತಾರೆ? ದಿನವಿಡೀ ಅಂಗಡಿಯೊಳಗೇ ಶತಪಥ ಹಾಕುತ್ತಿದ್ದೆ, ಸಿಕ್ಕವರ ಮೇಲೆ ಹರಿಹಾಯುತ್ತಿದ್ದೆ.

ಹೊಸಪೇಟೆಯ ಡಾಕ್ಟರು ಕೊಯ್ದು ತೆಗೆಯೋಣ, ಸಂಜೆಗೇ ಮನೆಗೆ ಹೋಗಬಹುದು ಎಂದರು. ಕ್ಲೋರೋಫಾರಂ ಮೂಸಿಸಿ ಎಚ್ಚರ ತಪ್ಪಿಸುವುದು ಒಂದು ದಾರಿ. ಇಲ್ಲವೇ ಸುತ್ತ ಸೂಜಿ ಚುಚ್ಚಿ ಅಷ್ಟು ಜಾಗವನ್ನು ಮಾತ್ರ ಮರಗಟ್ಟಿಸುವುದು. ಅವರ ಮನಸ್ಸು ಸೂಜಿಯ ಕಡೆಗಿತ್ತು. ಅಂಥ ಜಾಗವನ್ನು ಪರರ ಮುಂದೆ ತೆರೆದು, ಎಚ್ಚರವಾಗಿ ಮಲಗುವುದಕ್ಕಿಂತ ಸಾಯುವುದು ವಾಸಿ ಎನಿಸಿತು ನನಗೆ. ಕ್ಲೋರೋಫಾರಂ ಎಂದು ಹಟ ಹಿಡಿದೆ.

"ಹಂಗಾದ್ರ ಹಿಂದಿನ ರಾತ್ರಿಯಿಂದ ಹೊಟ್ಟಿ ಖಾಲಿ ಇರಬೇಕು. ಮತ್ತಿನಾಗ ವಾಂತಿ ಆದ್ರ ಜೀವಕ್ಕ ಕುತ್ತು," ಎಂದರು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ಕೇಳಿಸಿಕೊಂಡಳು.

ಗೊತ್ತುಮಾಡಿದ ದಿನ ಬೆಳಿಗ್ಗೆ ಅವ್ವ ಬಿಡಬೇಕಲ್ಲ. ಮೊಸರನ್ನ ಬಾಯಿಗಿಡದೆ ನಮ್ಮ ಮನೆಯಲ್ಲಿ ಯಾರೂ ದೊಡ್ಡ ಕೆಲಸಕ್ಕೆ ಹೊಸಿಲು ದಾಟಿದವರಲ್ಲ. ಹೆಂಡತಿ "ಬ್ಯಾಡ್ರಿ" ಎಂದಳು. ಅವಳನ್ನು ಗದರಿ, ಅವ್ವ ಇಟ್ಟಷ್ಟನ್ನೂ ನಿಂತೇ ಉಂಡೆ.

ಆಸ್ಪತ್ರೆಯ ಮೇಜಿನ ಮೇಲೆ ಮಲಗಿಸಿ ಡಾಕ್ಟರು ಕೇಳಿದರು: "ಏನಾರ ತಿಂದೀರೇನು?"

"ಇಲ್ರಿ," ಎಂದೆ. ಮೊಸರನ್ನವೂ ಒಂದು ಊಟವೇ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಒಪ್ಪಿಕೊಂಡರೆ ಸೂಜಿ ಬರುತ್ತದೆಂಬ ಹೆದರಿಕೆ.

ಕ್ಲೋರೋಫಾರಂ ಹಾಕಿದ ಬಟ್ಟೆ ಮೂಗಿನ ಹತ್ತಿರ ಬಂದಿತ್ತು. ಪರಗಂಡಸರೆದುರು ಎಂದೂ ಬಾಯಿ ಬಿಡದ ಹೆಂಡತಿ ಬಾಗಿಲಿಂದ ಹೇಳಿದಳು: "ಸುಳ್ಳು ಹೇಳ್ತಾರ್ರಿ. ಮುಂಜಾನಿ ಮೊಸರನ್ನ ಉಂಡಾರ."

ಡಾಕ್ಟರು ಬಟ್ಟೆ ಬದಿಗಿಟ್ಟರು. ಇನ್ನೊಂದು ದಿನ ಬರುತ್ತೀರೋ, ಈಗಲೇ ಸೂಜಿಯೋ ಎಂದರು. ಆ ನೋವನ್ನು ಹೊತ್ತು ಮತ್ತೆ ಮನೆಗೆ ಹೋಗಲಾರದೆ ಸೂಜಿಗೆ ಒಪ್ಪಿದೆ. ಮೊದಲು ಉರಿ, ಆಮೇಲೆ ಬರೀ ಕತ್ತರಿಯ ಸದ್ದು. ಕೆಲಸ ಮಾಡುತ್ತಲೇ ಅವರು ಈ ಸಲದ ಅಕ್ಕಿ ಹೇಗಿದೆ ಎಂದು ಕೇಳಿದರು. ಹಲ್ಲು ಕಚ್ಚಿ ಉತ್ತರ ಕೊಟ್ಟೆ.

ಸಂಜೆ ಗಾಡಿಯಲ್ಲಿ ಹುಲ್ಲಿನ ಮೇಲೆ ಬೋರಲಾಗಿ ಮಲಗಿ ಬರುವಾಗಲೂ ಸಿಟ್ಟು ಇಳಿದಿರಲಿಲ್ಲ. "ನಾಕು ಮಂದಿ ಮುಂದ ನನ್ನ ಮಾನ ತೆಗದಿ," ಎಂದೆ.

ಅವಳು ಗಂಟು ಬಿಚ್ಚಿ ರೊಟ್ಟಿ ಮುರಿದು ಗಬಗಬ ತಿನ್ನತೊಡಗಿದಳು. ಮನೆ ಮುಟ್ಟುವ ತನಕ ತಡೆಯಲಾಗದೇ ಎಂದು ರೇಗಿದೆ.

"ನಿನ್ನಿ ರಾತ್ರಿಯಿಂದ ಏನೂ ತಿಂದಿಲ್ರಿ," ಎಂದಳು. "ನೀವು ಉಪಾಸ ಇರ್ತೀರಲ್ಲ ಅಂತ ನಾನೂ ಇದ್ದೆ."

ಮೇಜಿನ ಮೇಲೂ ಆಗದಷ್ಟು ನಾಚಿಕೆ ಆಗ ಆಯಿತು.