ಓಣಿಗೊಂದು ತಂಪು

ನನಗೆ ಸೆಖೆ ತಡೆಯುವುದಿಲ್ಲ. ಹೊಸಪೇಟೆಯಲ್ಲೇ ಹುಟ್ಟಿ ಬೆಳೆದವನು ಹೀಗೆ ಹೇಳಿದರೆ ಊರಿನವರು ನಗುತ್ತಾರೆ. ನಗಲಿ. ಏಪ್ರಿಲ್ ಬಂತೆಂದರೆ ನನ್ನ ಸಾಮ್ರಾಜ್ಯ ಏಸಿಯ ಕೆಳಗಿನ ಒಂದು ಮಂಚದಷ್ಟೇ. ನಿವೃತ್ತಿಯವರೆಗೂ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿದವನು ನಾನು. ನಾನು ಬರೆದ ಅಭಿವೃದ್ಧಿಯ ಗೆರೆ ಯಾವಾಗಲೂ ಮೇಲಕ್ಕೇ ಏರುತ್ತಿತ್ತು, ಬೋರ್ಡು ಮುಗಿದಲ್ಲಿ ನಿಲ್ಲುತ್ತಿತ್ತು. ಈಚೆಗೆ ಕೆಲವು ಪಂಡಿತರು ಭೂಮಿ ಬಿಸಿಯಾಗಿದೆ, ಬೆಳೆದದ್ದು ಸಾಕು, ಇದ್ದುದನ್ನು ಹಂಚಿಕೊಳ್ಳೋಣ ಎನ್ನುತ್ತಿದ್ದಾರೆ. ಆ ಪುಸ್ತಕಗಳನ್ನೂ ನಾನು ಓದಿದ್ದು ಏಸಿಯ ಕೆಳಗೇ.

ಆ ಹಂಚಿಕೊಳ್ಳುವ ಮಾತಿನ ಅರ್ಥ ತಿಳಿಸಿದವಳು ಚಿತ್ತವಾಡ್ಗಿಯ ನಮ್ಮ ಓಣಿಯ ಗೌತಮಿ. ನಮ್ಮ ಎದುರು ಮನೆಯವಳು, ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರು. ಅವಳ ತಂದೆ ಹುಲುಗಪ್ಪ ಸಂಡೂರಿನ ಗಣಿಗಳಲ್ಲಿ ಅದಿರು ತುಂಬಿಯೇ ಮುದುಕನಾದವನು. ಹೋದ ಬೇಸಿಗೆಯಲ್ಲಿ ಮಧ್ಯಾಹ್ನ ಕಟ್ಟೆಯ ಮೇಲೆ ಕೂತಲ್ಲೇ ಎಚ್ಚರ ತಪ್ಪಿ ಬಿದ್ದಿದ್ದ. ಅದಕ್ಕೇ ಈ ವರ್ಷ ಗೌತಮಿ ಏಸಿ ಕೊಂಡಳು. ಆದರೆ ಬಿಸಿ ಗಾಳಿ ಉಗುಳುವ ಅದರ ಹೊರಗಿನ ಪೆಟ್ಟಿಗೆ ಕೂರಿಸಲು ಇದ್ದದ್ದು ಒಂದೇ ಗೋಡೆ. ಅದರೆದುರಿಗೇ ಪಕ್ಕದ ಮನೆಯ ಹನುಮಕ್ಕನ ಕಿಟಕಿ. ತಗಡಿನ ಮನೆ, ಒಳಗೆ ತೊಟ್ಟಿಲಲ್ಲಿ ಮೊಮ್ಮಗು.

ಗೌತಮಿ ಎರಡು ದಿನ ಯೋಚಿಸಿದಳು. ಮೂರನೆಯ ದಿನ, ಏಸಿಯನ್ನು ಓಣಿಯ ಕೊನೆಗಿರುವ, ಎಲ್ಲರೂ ಸಭೆ ಸೇರುವ ಬುದ್ಧನ ಪಟದ ಹಾಲಿಗೆ ಹಾಕಿಸುತ್ತೇನೆ, ಬಿಸಿಲು ಇಳಿಯುವವರೆಗೆ ಎಲ್ಲರೂ ಅಲ್ಲಿ ಕೂರಲಿ ಎಂದಳು. ಆ ಹಾಲಿನ ಹಿಂದೆ ಬರೀ ಬಯಲು.

ಹುಲುಗಪ್ಪನಿಗೆ ಸಿಟ್ಟು ಬಂತು. "ಸರ, ನಮ್ಮಪ್ಪಗ ನೀವರ ಹೇಳ್ರಿ" ಎಂದು ಗೌತಮಿ ನನ್ನನ್ನು ಕರೆದೊಯ್ದಳು.

"ಜೀವಮಾನ ಎಲ್ಲಾ ಬಿಸಿಲಾಗ ದುಡದೀನಿ ಮೇಷ್ಟ್ರೆ," ಎಂದ ಹುಲುಗಪ್ಪ. "ಎಲ್ಲಾರ ಮನಿಗೂ ಏಸಿ ಬಂತು. ನಮ್ಮ ಸರದಿ ಬಂದಾಗ ಸಾಕು ಅಂತಾಳ. ನೀವು ನಿಮ್ದು ಬಿಚ್ಚಿಸ್ತೀರೇನು?"

ಅವನ ಪ್ರಶ್ನೆಗೆ ನಾನು ಓದಿದ ಯಾವ ಪುಸ್ತಕವೂ ಸರಿಯಾಗಿ ಉತ್ತರ ಹೇಳಿರಲಿಲ್ಲ.

ಗೌತಮಿಯೇ ಹೇಳಿದಳು: "ಅಪ್ಪಾ, ನಿನಗ ತಂಪು ಬ್ಯಾಡ ಅನ್ನಾಕತ್ತಿಲ್ಲ. ಹನುಮಕ್ಕನ ಕೂಸಿನ ಮಾರಿಗೆ ಬಿಸಿ ಗಾಳಿ ಬಿಟ್ಟು ನಿನಗ ನಿದ್ದಿ ಬರ್ತೈತೇನು?"

ಅವನು ಎದ್ದು ಹೊರಗೆ ಕಟ್ಟೆಗೆ ಹೋಗಿ ಕೂತ.

ಮನೆಗೆ ಬಂದ ಮೇಲೆ ನನ್ನ ಮನಸ್ಸು ಹಂಪಿಯತ್ತ ಹೋಯಿತು. ಕಮಲ ಮಹಲಿನ ಗೋಡೆಗಳಲ್ಲಿ ನೀರು ಹರಿಸಿ ರಾಣಿಯರಿಗೆ ತಂಪು ಮಾಡುತ್ತಿದ್ದರೆಂದು ಗೈಡುಗಳು ಹೇಳುತ್ತಾರೆ. ಅದನ್ನು ನೋಡಿ ಎಷ್ಟೋ ಸಲ ಬೆರಗಾಗಿದ್ದೇನೆ. ಮಲಪನಗುಡಿಯ ಹಳೆಯ ಮೆಟ್ಟಿಲು ಬಾವಿಯೂ ತಂಪೇ, ಒಂದೊಂದು ಮೆಟ್ಟಿಲು ಇಳಿದಂತೆ ಬಿಸಿಲು ಮೇಲೆಯೇ ಉಳಿಯುತ್ತದೆ. ಅದು ದಾರಿಹೋಕರಿಗಾಗಿ ತೋಡಿದ್ದು. ನಾನು ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು ಕಂಪ್ಲಿಗೆ ಹೋಗುತ್ತಿದ್ದೆ, ತಿರುಗಿಯೂ ನೋಡುತ್ತಿರಲಿಲ್ಲ.

ಏಸಿ ಹಾಲಿಗೇ ಬಂತು. ಗೌತಮಿ ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಓಣಿಯವರನ್ನೆಲ್ಲ ಮಾಳಿಗೆ ಹತ್ತಿಸಿ, ಬಿಸಿಲು ಒಳಗಿಳಿಯದಂತೆ ಬಿಳಿ ಸುಣ್ಣ ಬಳಿಸಿದಳು. ಒಳಗೆ ಸೆಖೆ ಎಷ್ಟೋ ಇಳಿಯಿತು. ಮಧ್ಯಾಹ್ನವಾದರೆ ಓಣಿಯವರು ಹಾಲಿಗೆ ಹೋಗತೊಡಗಿದರೂ ಹುಲುಗಪ್ಪ ಮಾತ್ರ ತಲೆಗೆ ಒದ್ದೆ ಟವಲು ಸುತ್ತಿಕೊಂಡು ಕಟ್ಟೆ ಬಿಟ್ಟು ಏಳಲಿಲ್ಲ. ಮತ್ತೆ ಎಲ್ಲಿ ಬೀಳುತ್ತಾನೋ ಎಂದು ಮಗಳು ಡ್ಯೂಟಿಯಿಂದ ಗಳಿಗೆಗೊಮ್ಮೆ ನನಗೆ ಫೋನು ಮಾಡುತ್ತಿದ್ದಳು.

ಒಂದು ಮಧ್ಯಾಹ್ನ ಹನುಮಕ್ಕ ಕೂಸನ್ನು ಎತ್ತಿಕೊಂಡು ಅವನೆದುರು ಬಂದು ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ.

"ಅಣ್ಣಾ, ಅದು ನಿನ್ನ ಏಸಿ. ನೀ ಹೊರಗ ಕುಂತ್ರ ನಮಗ ಒಳಗ ಕುಂದ್ರಾಕ ಮನಸ ಬರವಲ್ದು."

ಹುಲುಗಪ್ಪ ಎದ್ದ. ಟವಲು ಬಿಚ್ಚಿ ಹಿಂಡಿದ. ಕೂಸನ್ನು ತಾನೇ ಎತ್ತಿಕೊಂಡು ಹಾಲಿನ ಕಡೆ ನಡೆದ.

ನನ್ನ ಏಸಿ ಇನ್ನೂ ಗೋಡೆಯ ಮೇಲೇ ಇದೆ. ನಾನು ಅಷ್ಟು ದೊಡ್ಡ ಮನುಷ್ಯನಲ್ಲ. ಆದರೆ ಹೆಂಡತಿ ಊಟ ಮುಗಿಸಿ ದಿನಾ ಹಾಲಿಗೆ ಹೋಗತೊಡಗಿದಳು. ಆ ಕಡೆಯಿಂದ ನಗು ಕೇಳಿಸುತ್ತಿತ್ತು. ನನ್ನ ಕೋಣೆಯಲ್ಲಿ ತಂಪು ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೊಂದು ದಿನ ಚಪ್ಪಲಿ ಮೆಟ್ಟಿ ನಾನೂ ಹೋದೆ. ಹಾಲು ತುಂಬಿತ್ತು. ಬಾಗಿಲಲ್ಲೇ ಹಿಂಜರಿದು ನಿಂತೆ.

"ಬರ್ರಿ ಮೇಷ್ಟ್ರೆ, ಜಲ್ದಿ ಬಾಗಿಲಾ ಹಾಕ್ರಿ," ಎಂದ ಹುಲುಗಪ್ಪ, ಗೋಡೆಯತ್ತ ಜರುಗುತ್ತ. "ಎಲ್ಲಾರೂ ಒಂಚೂರು ಸರದ್ರ ಜಾಗ ಆಕ್ಕತಿ."

ಎಲ್ಲರೂ ಒಂಚೂರು ಸರಿದರು. ಜಾಗವಾಯಿತು.